ಅಡಿನೀರು ಏಳುವ ವಿಚಾರ

ನಮ್ಮ ಮನೆಯ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಐವತ್ತು ಪುಸ್ತಿಕೆಗಳಿವೆ. ಐವತ್ತೂ ಒಂದೇ. ನುಣುಪು ಕಾಗದ, ಮುಖಪುಟದಲ್ಲಿ ನೀಲಿ ಅಲೆ, ಅಲೆಯ ಮೇಲೊಂದು ದೋಣಿ, ದೋಣಿಯಲ್ಲಿ ಯಾರೂ ಇಲ್ಲ. ಒಳಪುಟದ ಮೂಲೆಯಲ್ಲಿ, ಕನ್ನಡಕ್ಕೆ ತಂದವರು ಎಂದು ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ಮೊನ್ನೆ ಹಳೆಯ ದಬರಿ ಪಾತ್ರೆಯೊಂದನ್ನು ಹುಡುಕುವಾಗ ಈ ಪೆಟ್ಟಿಗೆ ಕೈಗೆ ಸಿಕ್ಕಿತು. ತೆರೆದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಕೊನೆಗೂ ಪುಸ್ತಿಕೆ ಯಾರಿಗೋ ಒಬ್ಬರಿಗೆ ಉಪಯೋಗಕ್ಕೆ ಬಂತಲ್ಲ ಎಂದು ಸಮಾಧಾನವಾಯಿತು.

ಹವಾಮಾನದ ಏರುಪೇರಿನಿಂದ ಕರಾವಳಿಯ ಸಮುದ್ರದಲ್ಲಿ ಅಡಿಯ ನೀರು ಮೇಲಕ್ಕೆ ಬರುವ ರೀತಿ ಹೇಗೆ ಬದಲಾಗುತ್ತದೆ ಎಂಬುದು ಪುಸ್ತಿಕೆಯ ವಿಷಯ. ಅದನ್ನು ಓದಬೇಕಾದವರು ಸಮುದ್ರದ ಮೀನುಗಾರರು. ಅದನ್ನು ಕನ್ನಡಕ್ಕೆ ತಂದವಳು ಮೇಲುಕೋಟೆಯ ದೇವಸ್ಥಾನದ ಮನೆತನದಲ್ಲಿ ಹುಟ್ಟಿ, ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ, ಮೀನನ್ನು ಮುಟ್ಟಿಯೂ ನೋಡದ ನಾನು. ಸಮುದ್ರವನ್ನು ನೋಡಿಲ್ಲವೆಂದಲ್ಲ. ಒಮ್ಮೆ ಶಾಲೆಯ ಪ್ರವಾಸದಲ್ಲಿ ಮಲ್ಪೆಗೆ ಹೋಗಿದ್ದೆ. ಅಲ್ಲಿದ್ದ ಎರಡು ಗಂಟೆಯನ್ನೂ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಮಕ್ಕಳನ್ನು ಎಣಿಸುವುದರಲ್ಲಿ ಕಳೆದೆ. ಹೋದಷ್ಟೂ ಮಕ್ಕಳು ವಾಪಸು ಬಂದರು. ಸಮುದ್ರದ ಬಗ್ಗೆ ನನ್ನ ವಿದ್ವತ್ತು ಅಷ್ಟು.

ಕೆಲಸ ಕೊಟ್ಟದ್ದು ಬೆಂಗಳೂರಿನ ಒಂದು ಸಂಸ್ಥೆ. ಹೆಸರು ಬೇಡ. ಅಲ್ಲಿನ ಸಂಯೋಜಕರು ಫೋನು ಮಾಡಿ, "ಮೇಡಂ, ನಿಮ್ಮದು ಬಹಳ ಶುದ್ಧವಾದ ಕನ್ನಡ ಅಂತ ಕೇಳಿದ್ದೇನೆ" ಎಂದರು. ನಾನು ಆ ಕ್ಷಣವೇ ಅವರ ಬಲೆಗೆ ಬಿದ್ದೆ. ಹೊಗಳಿಕೆಗೆ ಬೀಳುವುದರಲ್ಲಿ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ಯಾವುದೋ ಕಾಲದ ನಿಘಂಟು ಕಮ್ಮಟದ ಹಾಜರಿ ಪಟ್ಟಿಯಲ್ಲಿ ಅವರಿಗೆ ನನ್ನ ಹೆಸರು ಸಿಕ್ಕಿತ್ತಂತೆ. ಸಮುದ್ರ, ಮೀನು, ಗಾಳಿ, ಈ ಮೂರರಲ್ಲಿ ಯಾವುದಾದರೂ ಒಂದರ ಬಗ್ಗೆ ನಿಮಗೆ ಗೊತ್ತೇ ಎಂದು ಅವರೂ ಕೇಳಲಿಲ್ಲ, ಗೊತ್ತಿಲ್ಲವೆಂದು ನಾನೂ ಹೇಳಲಿಲ್ಲ.

ಮೊದಲ ಪುಟದಲ್ಲೇ ಗಾಡಿ ನಿಂತಿತು. ಅಡಿಯ ನೀರು ಮೇಲಕ್ಕೆ ಬರುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ಕನ್ನಡದಲ್ಲಿ ಏನೆನ್ನುವುದು? ಅಡಿಯ ನೀರು ಮೇಲಕ್ಕೆ ಬರುವುದು ಎಂದೇ ಬರೆದರೆ ಓದಿದವರಿಗೆ ಅರ್ಥವಾಗಿಬಿಡುತ್ತದೆ, ಆಗ ಅದು ಶಾಸ್ತ್ರ ಹೇಗಾದೀತು ಎಂಬುದು ಆಗ ನನ್ನ ನಂಬಿಕೆಯಾಗಿತ್ತು. ಬಸ್ಸು ಹತ್ತಿ ಮೇಲುಕೋಟೆಗೆ ಹೋದೆ.

ನಮ್ಮಣ್ಣ ಅಲ್ಲೇ ಇದ್ದಾನೆ. ದೊಡ್ಡ ಸಂಸ್ಕೃತ ವಿದ್ವಾಂಸ. ಬೆಳಗಿನ ಕಾಫಿ ಆರಿದೆ ಎಂಬುದನ್ನು ಹೇಳಬೇಕಾದರೂ ಅವನಿಗೆ ಧಾತು, ಪ್ರತ್ಯಯ ಬೇಕು. ಜಗಲಿಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದ.

"ನೋಡು ಚೆಲುವಿ, ಊರ್ಧ್ವ ಅಂದರೆ ಮೇಲೆ. ಜಲ ನಿನಗೆ ಗೊತ್ತು. ಉತ್ಸರಣ ಅಂದರೆ ಮೇಲಕ್ಕೆ ಸರಿಯೋದು. ಊರ್ಧ್ವಜಲೋತ್ಸರಣ. ಸಂಧಿ ಎಷ್ಟು ಚೆನ್ನಾಗಿ ಕೂತಿದೆ ನೋಡು."

"ಊರ್ಧ್ವ ಅಂದರೂ ಮೇಲೆ, ಉತ್ ಅಂದರೂ ಮೇಲೆ. ಎರಡು ಸಲ ಮೇಲೆ ಆಗಲಿಲ್ಲವೇನಣ್ಣ?"

"ಸಮುದ್ರ ದೊಡ್ಡದಲ್ಲವೇ" ಎಂದ ಅಣ್ಣ.

ನಾನು ಅದನ್ನು ಒಪ್ಪಿಕೊಂಡು, ಸಂತೋಷದಿಂದ ಬರೆದುಕೊಂಡು ಎದ್ದೆ. ವಾಪಸು ಬರುವಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿ ಇಳಿಯುತ್ತಿದ್ದೆವು. ಎದೆಯ ಮಟ್ಟದ ನೀರು ಹಿತವಾಗಿ ಬೆಚ್ಚಗಿರುತ್ತಿತ್ತು, ಕಾಲ ಬಳಿ ಮಾತ್ರ ಚಳಿ ಕೊರೆಯುತ್ತಿತ್ತು. ಕೆಳಗೆ ಯಾರೋ ತಣ್ಣನೆಯ ಕೈಯವರು ಕೂತಿದ್ದಾರೆ, ಕಾಲು ಹಿಡಿದು ಎಳೆಯುತ್ತಾರೆ ಎಂದು ಅಣ್ಣ ಹೆದರಿಸುತ್ತಿದ್ದ. ಮಧ್ಯಾಹ್ನದ ಮೇಲೆ ಗಾಳಿ ಎದ್ದ ದಿನ ಆ ಚಳಿ ಹೊಟ್ಟೆಯವರೆಗೂ ಏರುತ್ತಿತ್ತು, ಅವತ್ತು ನೀರಿಗೆ ಹಳಸಿದ ವಾಸನೆಯೂ ಇರುತ್ತಿತ್ತು. ಕೈಯವರು ಮೇಲೆ ಬಂದರು ಎಂದು ಕಿರುಚಿಕೊಂಡು ದಡಕ್ಕೆ ಓಡುತ್ತಿದ್ದೆವು. ನಾನು ಅನುವಾದಿಸಬೇಕಾಗಿದ್ದ ವಿಷಯ ಎಂಟು ವರ್ಷದವಳಿದ್ದಾಗಲೇ ನನ್ನ ಕಾಲಿಗೆ ಗೊತ್ತಿತ್ತು. ಅದು ತಲೆಗೆ ಏರದಂತೆ ನೋಡಿಕೊಳ್ಳಲು ಎರಡು ಪದವಿ ಬೇಕಾದವು.

ಇನ್ನು ಶಿವಲಿಂಗನ ವಿಷಯ. ಶಿವಲಿಂಗ ನನ್ನ ಶಿಷ್ಯ. ಕನ್ನಡದಲ್ಲಿ ಅವನನ್ನು ಎರಡು ಸಲ ಫೇಲು ಮಾಡಿದ್ದೇನೆ. ಕನ್ನಡ ಬಿಟ್ಟು ಬೇರೆ ಭಾಷೆಯನ್ನು ಜನ್ಮದಲ್ಲಿ ಆಡದ ಹುಡುಗನನ್ನು ಕನ್ನಡದಲ್ಲೇ ಫೇಲು ಮಾಡುವುದು ಎಂಥ ಘನಕಾರ್ಯ ಎಂದು ಆಗ ನನಗೆ ಹೊಳೆದಿರಲಿಲ್ಲ. ಸಮಾಸ ಬಿಡಿಸು ಎಂದರೆ ಬಿಡಿಸುತ್ತಿರಲಿಲ್ಲ, ಅದಕ್ಕೆ. ಈಗ ಅವನಿಗೂ ನಲವತ್ತು ದಾಟಿದೆ. ಅವನ ಊರು ನಾಗಮಂಗಲದ ರಸ್ತೆಯಿಂದ ಸ್ವಲ್ಪ ಒಳಗೆ. ಊರ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಅವನದು. ಅವನ ಹೆಂಡತಿ ಭಾಗ್ಯ ಆ ಮೀನನ್ನು ಕೆ.ಆರ್. ಪೇಟೆಯಲ್ಲಿ ಮಾರುತ್ತಾಳೆ. ಕೆರೆಯಲ್ಲಿ ಮೀನಿಲ್ಲದ ದಿನಗಳಲ್ಲಿ ಕರಾವಳಿಯಿಂದ ಲಾರಿಯಲ್ಲಿ ಬರುವ ಬೂತಾಯಿ, ಬಂಗುಡೆ ಮಾರುತ್ತಾಳೆ. ಶಿವಲಿಂಗನಿಗೆ ಏನಾದರೂ ಬರೆಸಬೇಕಾದರೆ ನನ್ನ ಹತ್ತಿರವೇ ಬರುತ್ತಾನೆ.

ಆ ಬೇಸಿಗೆಯಲ್ಲೂ ಬಂದ. ನಾನು ಕಾಗದಗಳನ್ನು ಹರಡಿಕೊಂಡು ಕೂತಿದ್ದೆ.

"ಏನ್ ಬರೀತಿದ್ದೀರಿ ಮೇಡಂ? ಇನ್ನೂ ಪರೀಕ್ಷೆ ಪೇಪರು ಬುಟ್ಟಿಲ್ವಾ ನಿಮ್ಮನ್ನ?"

ವಿವರಿಸಿದೆ. ವಿವರಿಸುವ ಚಟ ನಿವೃತ್ತಿಯಿಂದ ಹೋಗುವುದಿಲ್ಲ. ಮಳೆಗಾಲದಲ್ಲಿ ಗಾಳಿ ಕರಾವಳಿಯ ಉದ್ದಕ್ಕೆ ಬೀಸಿ ಸಮುದ್ರದ ಮೇಲುನೀರನ್ನು ದಡದಿಂದ ದೂರ ತಳ್ಳುತ್ತದೆ, ಆ ಜಾಗ ತುಂಬಲು ಅಡಿಯ ತಣ್ಣೀರು ಮೇಲೆ ಬರುತ್ತದೆ, ಅದು ಸಾರವುಳ್ಳ ನೀರು, ಅದರಿಂದ ಕಣ್ಣಿಗೆ ಕಾಣದಂಥ ಪಾಚಿ ಬೆಳೆಯುತ್ತದೆ, ಪಾಚಿ ತಿನ್ನಲು ಮೀನು ಬರುತ್ತದೆ. ಎಲ್ಲೋ ದೂರದ ಮಹಾಸಾಗರ ಕಾದ ವರ್ಷ ಇಲ್ಲಿ ಗಾಳಿ ಸೋಲುತ್ತದೆ, ಅಡಿಯ ನೀರು ಸರಿಯಾಗಿ ಏಳುವುದಿಲ್ಲ, ಮೀನು ಕಾಣೆಯಾಗುತ್ತದೆ. ಹೀಗೆಲ್ಲ.

"ಅಡಿನೀರು ಏಳೋದು ಅನ್ನಿ. ಅದಕ್ಯಾಕೆ ಮೇಡಂ ಇಷ್ಟೊಂದ್ ಕಾಗದ? ನಮ್ ಕೆರೇಲೂ ಏಳ್ತದೆ."

"ಕೆರೆಗೂ ಸಮುದ್ರಕ್ಕೂ ಏನು ಹೋಲಿಕೆ ಶಿವಲಿಂಗ? ಇದಕ್ಕೆ ಊರ್ಧ್ವಜಲೋತ್ಸರಣ ಅಂತಾರೆ. ಎಲ್ಲಿ, ಹೇಳು ನೋಡೋಣ."

ಅವನು ಎರಡು ಸಲ ಪ್ರಯತ್ನಿಸಿದ. "ಬ್ಯಾಡ ಬುಡಿ ಮೇಡಂ. ಇದ್ರಲ್ಲೂ ಫೇಲ್ ಮಾಡ್ಬುಡ್ತೀರಿ" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಬಂದ ವಿಷಯಕ್ಕೆ ಬಂದ. ಬರೆಸುವುದೇನೂ ಇರಲಿಲ್ಲ, ಕೇಳುವುದಿತ್ತು.

"ಈ ಸಲ ಬಿಸ್ಲು ಬುಡ್ತಾನೇ ಇಲ್ಲ. ಗಾಳಿ ಅನ್ನೋದೇ ಇಲ್ಲ. ಕೆರೆ ನೀರು ಅಚ್ಚ ಅಸುರಾಗದೆ. ಮೇಲೆ ಕೈ ಇಕ್ಕುದ್ರೆ ಬಿಸಿನೀರು, ಒಳಿಕ್ಕಿಳುದ್ರೆ ಕಾಲು ಜುಮ್ ಅಂತದೆ. ಇಂಥ ಟೈಮಲ್ಲಿ ಒಂದ್ ದೊಡ್ ಗಾಳಿ ಬಂದ್ರೆ ಅಡಿನೀರು ಎದ್ಬುಡ್ತದೆ, ಅದ್ರಲ್ಲಿ ಉಸ್ರಿರಾಕಿಲ್ಲ, ಮೀನು ಸತ್ತೋಯ್ತವೆ ಅಂತ ನಮ್ಮಪ್ಪ ಏಳ್ತಿದ್ದ. ಭಾಗ್ಯ ಈಗ್ಲೇ ಬಲೆ ಆಕ್ಬುಡು ಅಂತಾಳೆ. ಇನ್ನೊಂದ್ ತಿಂಗ್ಳು ಬುಟ್ರೆ ಚೆಂದಾಗಿ ಬಲೀತವೆ ಅಂತ ನಂಗಾಸೆ. ನಿಮ್ ಪುಸ್ತಕದಲ್ಲಿ ಏನ್ ಬರ್ದವ್ರೆ ಮೇಡಂ?"

ಹೀಗೆ ಕೇಳಿದಾಗ ನಾನು ಪುಸ್ತಕ ತೆರೆದು ನೋಡಬಹುದಿತ್ತು. ಅದು ಮೊಣಕೈಯ ಪಕ್ಕದಲ್ಲೇ ಇತ್ತು. ನೋಡಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೂವತ್ತು ವರ್ಷ ತರಗತಿಯಲ್ಲಿ ಬಳಸಿದ ದನಿಯಲ್ಲಿ ಹೇಳಿದೆ:

"ಇದು ಅರಬ್ಬೀ ಸಮುದ್ರದ ವಿಚಾರ. ನಿಮ್ಮ ಕೆರೆಗೆ ಅನ್ವಯಿಸುವುದಿಲ್ಲ. ಅಪ್ಪ ಹೇಳಿದ, ತಾತ ಹೇಳಿದ ಅಂತ ಹೆದರಿಕೊಂಡರೆ ಹೇಗೆ? ಇದಕ್ಕೆಲ್ಲ ವಿಜ್ಞಾನ ಇದೆ."

"ಅಂಗಂತೀರಾ" ಎಂದು, ಮಜ್ಜಿಗೆ ಕುಡಿದು, ಎದ್ದು ಹೋದ. ಅವನ ಮುಖದಲ್ಲಿ ನಿರಾಳ ಕಂಡಿತು. ಆಸೆ ಪಟ್ಟದ್ದನ್ನೇ ಮಾಡು ಎಂದು ಮೇಷ್ಟ್ರಮ್ಮ ಅಪ್ಪಣೆ ಕೊಟ್ಟಂತಾಗಿತ್ತಲ್ಲ.

ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಮೋಡ ಕವಿದು ಗಾಳಿ ಎದ್ದಿತು. ಮಳೆ ಅಂಥದೇನಲ್ಲ, ಗಾಳಿಯದೇ ಅಬ್ಬರ. ಅಬ್ಬ, ತಂಪಾಯಿತು ಎಂದು ನಾನು ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶಿವಲಿಂಗನ ಫೋನು ಬಂತು.

"ಮೇಡಂ, ಕೆರೇಲಿ ಮೀನು ಸಾಯ್ತಾವೆ. ಮೀನ್ ಇಲಾಖೆ ಆಫೀಸಿಗೆ ಪರಿಹಾರಕ್ಕೆ ಒಂದ್ ಅರ್ಜಿ ಕೊಡ್ಬೇಕು. ಕಣ್ಣಾರೆ ನೋಡ್ಬುಟ್ಟು ಬರುದ್ರೆ ಚೆಂದಾಗಿರ್ತದೆ. ಬತ್ತೀರಾ?"

ನಾಗಮಂಗಲದ ಬಸ್ಸು ಹತ್ತಿ, ಅವನ ಊರಿನ ಗೇಟಿನಲ್ಲಿಳಿದು, ಕೆರೆಯ ಏರಿಯವರೆಗೆ ನಡೆದೆ. ದಾರಿಯುದ್ದಕ್ಕೂ ಅರ್ಜಿಯ ಒಕ್ಕಣೆಯನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಏರಿ ಹತ್ತಿದ ಮೇಲೆ ಒಕ್ಕಣೆ ನಿಂತುಹೋಯಿತು.

ದಡದ ಉದ್ದಕ್ಕೂ ಬಿಳಿ ಹೊಟ್ಟೆಗಳು. ಹಿಂದಿನ ದಿನದವರೆಗೆ ಹಸಿರಾಗಿದ್ದ ನೀರು ಕಂದಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಇನ್ನೂ ಬದುಕಿದ್ದವು ನೀರಿನ ಮೇಲುಮಟ್ಟಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನೂರಾರು ಬಾಯಿ, ಒಂದರಿಂದಲೂ ಸದ್ದಿಲ್ಲ. ಪ್ರಾರ್ಥನೆ ಬಾರದ ಮಕ್ಕಳು ಸಾಲಿನಲ್ಲಿ ನಿಂತು ಸುಮ್ಮನೆ ತುಟಿ ಆಡಿಸುವುದನ್ನು ನೋಡಿದ್ದೇನೆ. ಹಾಗಿತ್ತು. ಆ ಮಕ್ಕಳನ್ನು ಗದರಿದಂತೆ ಇವನ್ನು ಗದರಲು ಆಗುತ್ತಿರಲಿಲ್ಲ.

ಶಿವಲಿಂಗ ಎದೆಮಟ್ಟದ ನೀರಿನಲ್ಲಿ ನಿಂತು ಬಲೆ ಎಳೆಯುತ್ತಿದ್ದ. ಅವನ ಭಾವಮೈದ ಡೀಸೆಲ್ ಪಂಪು ಇಟ್ಟು ಕೆರೆಯ ನೀರನ್ನೇ ಎತ್ತಿ ಮತ್ತೆ ಕೆರೆಗೆ ಚಿಮ್ಮಿಸುತ್ತಿದ್ದ, ನೀರಿಗೆ ಒಂದಿಷ್ಟು ಗಾಳಿ ಸೇರಲಿ ಎಂದು. ಭಾಗ್ಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದು ಮೀನಿನ ಕಿವಿರನ್ನೂ ಎತ್ತಿ ನೋಡುತ್ತಿದ್ದಳು. ಕೆಂಪಗಿದ್ದರೆ ಈಚೆಗೆ, ಬಿಳಿಚಿದ್ದರೆ ಆಚೆಗೆ. ಆಚೆಯ ಗುಡ್ಡೆಯೇ ದೊಡ್ಡದಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಮೀನುಗಳೇ ಹೆಚ್ಚು. ದೊಡ್ಡ ಮೀನಿಗೆ ಉಸಿರು ಜಾಸ್ತಿ ಬೇಕಂತೆ, ಅವು ಮೊದಲು ಹೋಗುತ್ತವಂತೆ. ಇನ್ನೊಂದು ತಿಂಗಳು ಬಲಿಯಲಿ ಎಂದು ಬಿಟ್ಟವೇ ಅವು.

ನಾನು ಬ್ಯಾಗಿನಿಂದ ಕಾಗದ, ಪೆನ್ನು ತೆಗೆದೆ. ಭಾಗ್ಯ ತಲೆ ಎತ್ತಿ ನೋಡಿ, "ಅರ್ಜಿ ಆಮೇಲ್ ಬರೀರಂತೆ. ಇದನ್ನ ಇಡ್ಕಳಿ" ಎಂದು ಬುಟ್ಟಿಯ ಒಂದು ಕಿವಿಯನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದು ಕಿವಿ ಅವಳು ಹಿಡಿದಳು. ಹೀಗೆ ಮೇಲುಕೋಟೆ ದೇವಸ್ಥಾನದ ಮನೆತನದ ಹೆಣ್ಣುಮಗಳು ಅರವತ್ತೆರಡನೆಯ ವಯಸ್ಸಿನಲ್ಲಿ ಸತ್ತ ಮೀನಿನ ಬುಟ್ಟಿ ಹೊತ್ತು ಏರಿಯ ಮೇಲೂ ಕೆಳಗೂ ನಡೆದಳು. ಒಮ್ಮೆಯಲ್ಲ, ಮಧ್ಯಾಹ್ನದವರೆಗೆ. ಸೀರೆಯೆಲ್ಲ ಲೋಳೆ. ಬುಟ್ಟಿ ನನ್ನ ಕಡೆಗೇ ವಾಲುತ್ತಿತ್ತು, ನೀರು ನನ್ನ ಕಾಲ ಮೇಲೇ ಸುರಿಯುತ್ತಿತ್ತು. ಏಳನೆಯದೋ ಎಂಟನೆಯದೋ ಬುಟ್ಟಿಯ ಹೊತ್ತಿಗೆ ಭಾಗ್ಯ ಮುಂದೆ ನೋಡಿಕೊಂಡೇ ಕೇಳಿದಳು.

"ಬಲೆ ಆಕ್ಬ್ಯಾಡ ಅಂದ್ರಂತೆ ನೀವು."

"ನಾನು ಬೇಡ ಅನ್ನಲಿಲ್ಲ ಭಾಗ್ಯ. ಅನ್ವಯಿಸುವುದಿಲ್ಲ ಅಂದೆ."

"ಅಂಗಂದ್ರೆ?"

ಮೂವತ್ತು ವರ್ಷ ಪದಗಳ ಅರ್ಥ ಹೇಳಿಯೇ ಸಂಬಳ ಎಣಿಸಿದವಳು ನಾನು. ಬುಟ್ಟಿಯ ಕಿವಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಬುಟ್ಟಿಯನ್ನು ಸತ್ತ ಮೀನು ಹೂಳಲು ತೋಡಿದ್ದ ಗುಂಡಿಗೆ ಮಗುಚಿ ಮುಂದಕ್ಕೆ ಹೊರಟಳು.

ಸಂಜೆ ಮನೆಗೆ ಬಂದು ಸ್ನಾನ ಮಾಡಿ, ನನ್ನ ಅನುವಾದವನ್ನು ಮುಂದಿಟ್ಟುಕೊಂಡು ಕೂತೆ. ಒಂಬತ್ತನೆಯ ಪುಟದಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ದೀರ್ಘಕಾಲೀನ ನಿರ್ವಾತೋಷ್ಣ ಸ್ಥಿತಿಯ ತರುವಾಯ ಪವನವೇಗದ ಆಕಸ್ಮಿಕ ವೃದ್ಧಿಯಿಂದ ಆಮ್ಲಜನಕರಹಿತ ಅಧೋಜಲದ ಊರ್ಧ್ವಜಲೋತ್ಸರಣ ಸಂಭವಿಸಿ ಮತ್ಸ್ಯಸಂಕುಲಕ್ಕೆ ಹಾನಿಯುಂಟಾಗುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಶಿವಲಿಂಗ ಬಂದು ಕೇಳುವುದಕ್ಕೆ ಒಂದು ವಾರ ಮೊದಲು ಬರೆದದ್ದು ಅದು. ಅವನ ಅಪ್ಪ ಹೇಳುತ್ತಿದ್ದ ಮಾತಿಗೂ ಇದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಸಮುದ್ರದಲ್ಲಿ ಗಾಳಿ ನೀರನ್ನು ದೂರ ತಳ್ಳುತ್ತದೆ, ಕೆರೆಯಲ್ಲಿ ಕಲಕುತ್ತದೆ, ಅಷ್ಟೆ. ಉಸಿರಿಲ್ಲದ ಅಡಿನೀರು ಮೇಲೆ ಬಂದರೆ ಎರಡು ಕಡೆಯೂ ಮೀನು ಸಾಯುತ್ತದೆ. ನಾನು ಬರೆದಿದ್ದೆ, ಆದರೆ ನನಗೇ ಅರ್ಥವಾಗಿರಲಿಲ್ಲ. ಅರ್ಥವಾಗಬಾರದೆಂದೇ ಬರೆದ ಮೇಲೆ ಬರೆದವಳಿಗೆ ಮಾತ್ರ ಅರ್ಥವಾಗಲು ಹೇಗೆ ಸಾಧ್ಯ?

ಅರ್ಜಿ ಬರೆದುಕೊಟ್ಟೆ. ಎರಡು ತಿಂಗಳ ಮೇಲೆ ಕಚೇರಿಯಿಂದ ಉತ್ತರ ಬಂತು. ಭಾಗ್ಯ ಅದನ್ನು ನನ್ನ ಮನೆಗೆ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸದರಿ ನಿಯಮವು ಈ ಪ್ರಕರಣಕ್ಕೆ ಅನ್ವಯಿಸುವುದಿಲ್ಲ.

"ಇಲ್ಲೂ ನಿಮ್ ಪದಾನೇ ಬರ್ದವ್ರೆ ನೋಡಿ" ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಅಷ್ಟರಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಪುಸ್ತಿಕೆಯನ್ನು ಮೊದಲ ಸಾಲಿನಿಂದ ಮತ್ತೆ ಬರೆದಿದ್ದೆ. ಊರ್ಧ್ವಜಲೋತ್ಸರಣ ಇದ್ದ ಕಡೆಯೆಲ್ಲ ಅಡಿನೀರು ಏಳುವುದು. ಒಂದೊಂದು ಪುಟವನ್ನೂ ಶಿವಲಿಂಗನಿಗೆ, ಭಾಗ್ಯಳಿಗೆ ಓದಿ ಹೇಳಿದೆ. ಅವರು ಎಲ್ಲಿ ಹುಬ್ಬು ಗಂಟಿಕ್ಕಿದರೋ ಅಲ್ಲಿ ಅಳಿಸಿದೆ. ಈ ಸಲ ಫೇಲಾಗುವ ಸರದಿ ನನ್ನದು. ಕ್ಷಮಿಸು ಎಂದು ಒಮ್ಮೆ ಶಿವಲಿಂಗನಿಗೆ ಹೇಳಲು ಹೋದೆ. "ನೀವೇನ್ ಗಾಳಿ ಬೀಸುದ್ರಾ ಬುಡಿ ಮೇಡಂ. ಮುಂದುಕ್ಕೋದಿ" ಎಂದ.

ಹೊಸ ಪ್ರತಿಯನ್ನು ಬೆಂಗಳೂರಿಗೆ ಕಳಿಸಿದೆ. ಸಂಯೋಜಕರು ಫೋನು ಮಾಡಿದರು.

"ಮೇಡಂ, ಇದು ಸ್ವಲ್ಪ ಗ್ರಾಮ್ಯ ಆಯಿತು ಅಂತ ಸಮಿತಿಯವರ ಅಭಿಪ್ರಾಯ. ನಿಮ್ಮ ಮೊದಲಿನ ಪ್ರತಿ ಬಹಳ ಚೆನ್ನಾಗಿತ್ತು. ಅದನ್ನೇ ಅಚ್ಚಿಗೆ ಕೊಟ್ಟಿದ್ದೇವೆ."

"ಅದು ಮೀನುಗಾರರಿಗೆ ಅರ್ಥ ಆಗಲ್ಲ ಸಾರ್."

"ಅರ್ಥ ಆಗೋದು ಆಮೇಲಿನ ಮಾತು ಮೇಡಂ. ಈ ತಿಂಗಳೊಳಗೆ ವರದಿಗೆ ಲಗತ್ತಿಸಬೇಕು."

ಬಿಡುಗಡೆಯ ಸಮಾರಂಭ ನಡೆದದ್ದು ಶ್ರೀರಂಗಪಟ್ಟಣದಲ್ಲಿ, ಹೊಳೆಯ ದಡದ ಒಂದು ಸಭಾಂಗಣದಲ್ಲಿ. ಸಮುದ್ರದ ಪುಸ್ತಿಕೆಯನ್ನು ಕಾವೇರಿಯ ದಡದಲ್ಲಿ ಏಕೆ ಬಿಡುಗಡೆ ಮಾಡಬೇಕು ಎಂದು ನೀವು ಕೇಳಬಹುದು. ಸಮಿತಿಯವರಿಗೆ ಅದೇ ದಿನ ಮಧ್ಯಾಹ್ನ ರಂಗನತಿಟ್ಟಿನ ಹಕ್ಕಿಗಳನ್ನೂ ನೋಡುವುದಿತ್ತು. ಕರಾವಳಿಯಿಂದ ಯಾರೂ ಬಂದಿರಲಿಲ್ಲ, ಊಟದ ತಟ್ಟೆಯಲ್ಲಿದ್ದ ಬಂಗುಡೆಗಳನ್ನು ಬಿಟ್ಟರೆ. ಅಧ್ಯಕ್ಷತೆ ವಹಿಸಿದ್ದ ಗಣ್ಯರಿಗೆ ನಮ್ಮಣ್ಣನ ಪದ ಬಾಯಿಗೆ ಹೊರಳಲಿಲ್ಲ. ಮೂರನೆಯ ಪ್ರಯತ್ನದಲ್ಲಿ ಅದು ಊರ್ಧ್ವಜಲೋತ್ಸವ ಎಂದಾಯಿತು. ಇಂಥ ಉತ್ಸವಗಳು ಪ್ರತಿವರ್ಷ ಹೆಚ್ಚು ಹೆಚ್ಚು ನಡೆಯಲಿ ಎಂದು ಅವರು ಹಾರೈಸಿದರು. ಸಭೆ ಚಪ್ಪಾಳೆ ತಟ್ಟಿತು.

ನನ್ನ ಸರದಿ ಬಂತು. ಎರಡು ನಿಮಿಷ ಕೊಟ್ಟಿದ್ದರು. ಶಿವಲಿಂಗನ ಕೆರೆಯ ವಿಷಯ ಹೇಳಬೇಕು, ಒಂಬತ್ತನೆಯ ಪುಟವನ್ನು ಅವನ ಮಾತಿನಲ್ಲೇ ಓದಬೇಕು ಎಂದು ಚೀಟಿ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತು, ಅವಕಾಶ ಕೊಟ್ಟದ್ದಕ್ಕೆ ವಂದನೆಗಳು ಎಂದೆ. ಶಾಲು ಹೊದಿಸಿಕೊಂಡೆ, ಹಣ್ಣಿನ ಬುಟ್ಟಿ ತೆಗೆದುಕೊಂಡೆ, ಕೂತೆ. ಇದುವರೆಗೆ ಸಮಿತಿಯನ್ನು, ಸಂಯೋಜಕರನ್ನು, ಅಣ್ಣನನ್ನು ಆಡಿಕೊಂಡೆನಲ್ಲ. ಅವತ್ತು ಆ ವೇದಿಕೆಯ ಮೇಲೆ ಎಲ್ಲರಿಗಿಂತ ಸಣ್ಣವಳು ಯಾರು ಎಂಬುದು ನನಗೆ ಗೊತ್ತಿತ್ತು. ಬರುವಾಗ ಐವತ್ತು ಪ್ರತಿಗಳನ್ನು ಗೌರವಪೂರ್ವಕವಾಗಿ ಆಟೋದಲ್ಲಿ ಇಟ್ಟರು.

ನಾನು ಎರಡನೆಯ ಸಲ ಬರೆದ ಪ್ರತಿಯ ಕತೆ ಬೇರೆ. ಭಾಗ್ಯ ಅದನ್ನು ಜೆರಾಕ್ಸ್ ಮಾಡಿಸಿ, ಕರಾವಳಿಯಿಂದ ಕೆ.ಆರ್. ಪೇಟೆಗೆ ಮೀನು ತರುವ ಲಾರಿಯವನಿಗೆ ಕೊಟ್ಟಿದ್ದಳು. ಅವನ ಮನೆಯವರು ದೋಣಿ ಇಟ್ಟವರಂತೆ. ಒಂದು ತಿಂಗಳ ಮೇಲೆ ಅವನು ಏನೆಂದ ಎಂದು ಅವಳನ್ನು ಕೇಳಿದೆ.

"ಅರ್ಧ ಎಲ್ಲ ನಮ್ಗೆ ಗೊತ್ತಿರೋದೇ ಅಂದ. ಅಡಿನೀರು ಎದ್ದಾಗ ಸಮುದ್ರ ತಣ್ಣಗಾಯ್ತದೆ, ಬಣ್ಣ ತಿರುಗ್ತದೆ, ಅದೆಲ್ಲ ಅವ್ರಪ್ಪಂಗೂ ಗೊತ್ತಂತೆ. ಆದ್ರೆ ಕೆಲವು ವರ್ಸ ಬೂತಾಯಿ ಬರ್ದೇ ಓದ್ವಲ್ಲ, ಎಲ್ಲೋ ದೂರದ ಸಮುದ್ರ ಕಾದ್ರೆ ನಮ್ ಗಾಳಿ ಕೆಡ್ತದೆ ಅನ್ನೋದು ಗೊತ್ತಿರ್ನಿಲ್ಲ ಅಂದ. ನಾವೇ ಏನೋ ತಪ್ ಮಾಡುದ್ವಿ, ಅದ್ಕೆ ದೇವ್ರು ಮುನ್ಸ್ಕಂಡ ಅಂತ ಅವ್ರವ್ವ ಅರಕೆ ಒತ್ತಿದ್ರಂತೆ. ಆ ಪುಟ ಒಂದ್ನ ಅವ್ರವ್ವಂಗೆ ಎಲ್ಡ್ ಸಲ ಓದಿ ಏಳುದ್ನಂತೆ."

ನನ್ನ ಬರಹಕ್ಕೆ ಬಂದ ವಿಮರ್ಶೆ ಇಷ್ಟೇ. ಇನ್ನೊಂದು ಬಂದಿಲ್ಲ.

ಶಿವಲಿಂಗ ಆ ವರ್ಷ ಉಳಿದ ಮೀನು ಹಿಡಿದು, ಕೆರೆಗೆ ಮತ್ತೆ ಮರಿ ಬಿಟ್ಟ. ಈ ಬೇಸಿಗೆಯೂ ಹಾಗೆಯೇ ಕಾಯಿತು. ಟೀವಿಯವರು ದಿನಕ್ಕೊಬ್ಬ ತಜ್ಞರನ್ನು ಕೂರಿಸಿ, ಆ ದೂರದ ಸಾಗರ ಕಾಯುವುದನ್ನೇ ಎಲ್ ನಿನೊ, ಎಲ್ ನಿನೊ ಎಂದು ಮದುವೆಮನೆಗೆ ಬಾರದ ನೆಂಟನ ಬಗ್ಗೆ ಮಾತಾಡುವಂತೆ ಮಾತಾಡಿಸುತ್ತಿದ್ದರು. ಕಳೆದ ಗುರುವಾರ ಬೆಳಿಗ್ಗೆ ಶಿವಲಿಂಗನ ಫೋನು ಬಂತು.

"ಮೇಡಂ, ನೀರು ಅಸುರಾಗದೆ. ನಾಕ್ ದಿನದಿಂದ ಎಲೆ ಅಲ್ಲಾಡಿಲ್ಲ. ನಾಳೆ ಬಲೆ ಆಕ್ತಾ ಇವ್ನಿ."

ನನಗೆ ಎಷ್ಟು ಸಂತೋಷವಾಯಿತೆಂದರೆ, ತಕ್ಷಣ ಹಳೆಯ ದನಿ ಗಂಟಲಿಗೆ ಬಂದುಬಿಟ್ಟಿತು. "ಒಳ್ಳೆಯ ನಿರ್ಧಾರ ಶಿವಲಿಂಗ. ನನ್ನನ್ನು ಕೇಳಿದರೆ" ಎಂದು ಶುರುಮಾಡಿದೆ.

"ಕೇಳಾಕಲ್ಲ ಮೇಡಂ ಫೋನ್ ಮಾಡಿದ್ದು" ಎಂದ ಅವನು, ಬಹಳ ಮರ್ಯಾದೆಯಿಂದ. "ಏಳಾಕೆ."